ಎರಡು ಬಣ್ಣಕ್ಕೆ ಎರಡೇ ಪ್ಲೇಟು: ಸ್ಪಾಟ್ ಕಲರ್ ಫೈಲನ್ನು ನಾನು ಸಿದ್ಧಪಡಿಸುವ ಬಗೆ

ತುಮಕೂರಿನ ಪ್ರೆಸ್ಸುಗಳಿಗೆ ಬರುವ ಲಗ್ನಪತ್ರಿಕೆ, ಅಡಿಕೆ-ಕೊಬ್ಬರಿ ಮಂಡಿಯ ಬಿಲ್ ಬುಕ್ಕು, ಲೆಟರ್‌ಹೆಡ್ಡು, ಜಾತ್ರೆಯ ಕರಪತ್ರ ಇವಕ್ಕೆಲ್ಲ ನಾಲ್ಕು ಬಣ್ಣ (ಸಿಎಂವೈಕೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಬೇಕಿಲ್ಲ. ಕುಂಕುಮದ ಕೆಂಪು ಮತ್ತು ಗೋಲ್ಡ್, ಇಲ್ಲವೇ ಹಸಿರು ಮತ್ತು ಕಪ್ಪು. ಎರಡು ಇಂಕು, ಇಂಕಿಗೊಂದು ಅಚ್ಚಿನ ತಗಡಿನಂತೆ ಎರಡು ಪ್ಲೇಟು. ಹೀಗೆ ಮೊದಲೇ ಬೆರೆಸಿದ ಇಂಕಿನಿಂದ ನೇರ ಮುದ್ರಿಸುವ ಬಣ್ಣವೇ ಸ್ಪಾಟ್ ಕಲರ್. ಫೈಲನ್ನು ಹಾಗೆ ಕಟ್ಟದಿದ್ದರೆ ಅದೇ ಪತ್ರಿಕೆಗೆ ಐದಾರು ಪ್ಲೇಟು ಹೊರಬೀಳುತ್ತವೆ. ಅದಕ್ಕೇ ಮಾನಿಟರಿನಲ್ಲಿ ಬಣ್ಣ ಹೇಗೆ ಕಾಣುತ್ತದೆ ಅನ್ನುವುದಕ್ಕೆ ನಾನು ಬೆಲೆ ಕೊಡುವುದಿಲ್ಲ, ಪ್ಲೇಟು ಎಣಿಸುತ್ತೇನೆ.

ಇಲ್ಲಿ ಹೆಚ್ಚಿನವರಂತೆ ನನ್ನದೂ ಕೋರೆಲ್‌ಡ್ರಾ. ನಂಬರ್ ಕೊಟ್ಟ ಇಂಕುಗಳ ಪಟ್ಟಿಯಾದ ಪ್ಯಾಂಟೋನ್ ಪ್ಯಾಲೆಟ್‌ನಿಂದ ಬೇಕಾದ ಎರಡು ಬಣ್ಣಗಳನ್ನಷ್ಟೇ ಡಾಕ್ಯುಮೆಂಟ್ ಪ್ಯಾಲೆಟ್‌ಗೆ ಹಾಕಿಕೊಂಡು, ಉಳಿದದ್ದನ್ನೆಲ್ಲ ಅಳಿಸುತ್ತೇನೆ. ಪ್ಲೇಟು ಹುಟ್ಟುವುದು ಬಣ್ಣದ ಹೆಸರಿನಿಂದ. ಪ್ಯಾಂಟೋನ್ 485 ಸಿ, 485 ಯು ಎರಡೂ ಒಂದೇ ಇಂಕು. ಕೋಟೆಡ್ ಕಾಗದದ ಮೇಲೆ ಹೇಗೆ ಕಾಣುತ್ತದೆ, ಕೋಟಿಂಗ್ ಇಲ್ಲದ ಕಾಗದದ ಮೇಲೆ ಹೇಗೆ ಎಂಬುದಷ್ಟೇ ವ್ಯತ್ಯಾಸ. ಪ್ಲೇಟು ತೆಗೆಯುವ ಯಂತ್ರವಾದ ಪ್ಲೇಟ್ ಸೆಟ್ಟರ್‌ಗೆ ಮಾತ್ರ ಎರಡು ಹೆಸರು ಅಂದರೆ ಎರಡು ಪ್ಲೇಟು. ಹಳೆಯ ಫೈಲಿನಿಂದ ಎತ್ತಿ ಅಂಟಿಸಿದ ಲೋಗೋ, ಗಣಪತಿ ಚಿತ್ರ, ಬಾರ್ಡರ್‌ಗಳೇ ಇಂಥ ಬೇಡದ ಹೆಸರುಗಳನ್ನು ತರುತ್ತವೆ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಒಂದೊಂದಾಗಿ ನಮ್ಮ ಬಣ್ಣಕ್ಕೆ ತಿರುಗಿಸಬೇಕು. ಫಿಲ್ ಒಂದನ್ನೇ ಬದಲಿಸಿ ಔಟ್‌ಲೈನ್ ಮರೆಯುವುದು ಸಾಮಾನ್ಯ.

ಕಪ್ಪಿನಲ್ಲಿ ಮೂರು ಬಗೆ ಇದೆ, ಕಣ್ಣಿಗೆ ಮೂರೂ ಒಂದೇ. ಆರ್‌ಜಿಬಿ (ಮಾನಿಟರಿನ ಕೆಂಪು-ಹಸಿರು-ನೀಲಿ ಲೆಕ್ಕದ) ಕಪ್ಪು ನಾಲ್ಕು ಪ್ಲೇಟಿಗೂ ಒಡೆದು ಹೋಗುತ್ತದೆ. ರಿಜಿಸ್ಟ್ರೇಷನ್ ಕಪ್ಪು ಎಲ್ಲ ಪ್ಲೇಟಿನಲ್ಲೂ 100% ಬೀಳುತ್ತದೆ. ಅದು ಕಟಿಂಗ್ ಮಾರ್ಕಿಗೆ ಮಾತ್ರ. ಕಪ್ಪು ಅಕ್ಷರಕ್ಕೆ ಬೇಕಾದದ್ದು ಕೆ 100, ಅಂದರೆ ಸಿಎಂವೈಕೆಯ ಕಪ್ಪು ಮಾತ್ರ 100%, ಉಳಿದ ಮೂರೂ ಸೊನ್ನೆ.

ಫೋಟೋ ಇದ್ದರೆ 300 ಡಿಪಿಐ ಗ್ರೇಸ್ಕೇಲ್ ಮಾಡಿ ಒಂದು ಸ್ಪಾಟ್ ಬಣ್ಣ ಕೊಡುತ್ತೇನೆ. ಕೈಬರಹ, ಮುದ್ರೆ, ರೇಖಾಚಿತ್ರಗಳು 1200 ಡಿಪಿಐ, ಒಂದು ಬಿಟ್ (ಬೂದು ಛಾಯೆ ಇಲ್ಲದ ಬರೀ ಕಪ್ಪು-ಬಿಳುಪು). ಡ್ರಾಪ್ ಶ್ಯಾಡೋ, ಟ್ರಾನ್ಸ್‌ಪರೆನ್ಸಿ ಎರಡಕ್ಕೂ ಎರಡು ಬಣ್ಣದ ಕೆಲಸದಲ್ಲಿ ಜಾಗವಿಲ್ಲ. ಪದರಗಳು ಒಂದಾಗಿ ಫ್ಲ್ಯಾಟ್ ಆಗುವಾಗ ಅವು ಸದ್ದಿಲ್ಲದೆ ಸಿಎಂವೈಕೆ ಆಗಿಬಿಡಬಹುದು. ತಿಳಿ ಬಣ್ಣ ಬೇಕಿದ್ದರೆ ಅದೇ ಸ್ಪಾಟ್ ಬಣ್ಣದ 20% ಅಥವಾ 30% ಟಿಂಟ್ (ಅದೇ ಇಂಕನ್ನು ಚುಕ್ಕೆಗಳಾಗಿ ಒಡೆದ ತಿಳಿ ಛಾಯೆ) ಸಾಕು, ಹೊಸ ತಿಳಿಬಣ್ಣ ಬೇಡ. ಎರಡು ಟಿಂಟ್ ಒಂದರ ಮೇಲೊಂದು ಬರುವಂತಿದ್ದರೆ ಒಂದರ ಚುಕ್ಕೆಸಾಲನ್ನು 45, ಇನ್ನೊಂದರದನ್ನು 75 ಡಿಗ್ರಿ ಕೋನಕ್ಕೆ ಇಡಲು ಬರೆದುಕೊಡಬೇಕು. ಎರಡೂ 45ರಲ್ಲಿ ಬಂದರೆ ಚುಕ್ಕೆಗಳು ಸೇರಿ ಜಾಲರಿಯಂಥ ಕಲೆ ಏಳುತ್ತದೆ.

ಇನ್ನು ಕನ್ನಡ ಅಕ್ಷರ. ನುಡಿಯಂಥ ಆಸ್ಕಿ ಫಾಂಟು (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡ ಆಕಾರ ಕೂರಿಸಿದ್ದು) ಪ್ಲೇಟು ತೆಗೆಯುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಲಗ್ನಪತ್ರಿಕೆ ಲ್ಯಾಟಿನ್ ಗೊಜಲಾಗುತ್ತದೆ, ಆದ್ದರಿಂದ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ (ಫಾಂಟು ಬೇಡದ ಬರೀ ಆಕಾರ) ಮಾಡಲೇಬೇಕು. ಆದರೆ ಅಲ್ಲೇ ಇನ್ನೊಂದು ತೊಡಕಿದೆ. ಅಕ್ಷರದ ಮೇಲೆ ಗುಣಿತ ಅಥವಾ ಒತ್ತು ಹತ್ತಿ ಕೂತ ಕಡೆ ಎರಡು ಆಕಾರಗಳು ಸೇರಿ, ಆ ಜಾಗ ಬಿಳಿ ತೂತಾಗಿ ಬರಬಹುದು. ಪರಿಹಾರ: ಬ್ರೇಕ್ ಅಪಾರ್ಟ್ ಮಾಡಿ ಆಕಾರಗಳನ್ನು ಬಿಡಿಸಿ, ಒತ್ತು ಮತ್ತು ಅಕ್ಷರವನ್ನು ವೆಲ್ಡ್ ಮಾಡಿ ಒಂದಾಗಿಸಬೇಕು. ‘ಠ’, ‘ಥ’ಗಳ ಒಳಗಿನ ಚುಕ್ಕಿ, ಬಯಲು ತುಂಬಿಹೋಗದಂತೆ ನೋಡಿಕೊಳ್ಳಿ. ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವುದಾದರೆ 9 ಪಾಯಿಂಟಿಗಿಂತ ಚಿಕ್ಕದು ಮಾಡುವುದಿಲ್ಲ. ಇಂಕು ಹರಡಿ ಒತ್ತಿನ ತೆಳು ಗೆರೆ ನುಂಗಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಟ್ರ್ಯಾಪಿಂಗ್, ಅಂದರೆ ಕೂಡುವ ಎರಡು ಬಣ್ಣದ ಅಂಚನ್ನು ತುಸು ಒಂದರ ಮೇಲೊಂದು ಹಾಯಿಸುವುದು. ಸಿಂಗಲ್ ಕಲರ್ ಮೆಷಿನ್ನಿನಲ್ಲಿ ಕಾಗದ ಎರಡು ಸಲ ಓಡುತ್ತದೆ. ಮೊದಲ ಓಟದಲ್ಲಿ ತೇವ ಹೀರಿದ ಕಾಗದ ಹಿಗ್ಗಿರುತ್ತದೆ, ಎರಡನೆಯ ಬಣ್ಣ ಕೂದಲೆಳೆಯಷ್ಟು ಆಚೀಚೆ ಬೀಳುತ್ತದೆ, ನಡುವೆ ಬಿಳಿ ಗೆರೆ ಕಾಣುತ್ತದೆ. ಅದನ್ನು ಮುಚ್ಚಲು ತಿಳಿ ಬಣ್ಣವನ್ನು ಗಾಢ ಬಣ್ಣದೊಳಕ್ಕೆ ಸ್ವಲ್ಪ ಹಿಗ್ಗಿಸಬೇಕು, ಗಾಢವನ್ನಲ್ಲ. ಯಾಕೆಂದರೆ ಆಕಾರ ತೋರಿಸುವುದು ಗಾಢ ಬಣ್ಣದ ಅಂಚು. ನಾನು ತಿಳಿ ಬಣ್ಣದ ವಸ್ತುವಿಗೆ ಅದೇ ಬಣ್ಣದ 0.4 ಮಿ.ಮೀ. ಔಟ್‌ಲೈನ್ ಕೊಟ್ಟು ಓವರ್‌ಪ್ರಿಂಟ್ ಔಟ್‌ಲೈನ್ (ಕೆಳಗಿನ ಬಣ್ಣವನ್ನು ಕೊರೆಯದೆ ಅದರ ಮೇಲೇ ಅಚ್ಚಾಗುವ ಆಯ್ಕೆ) ಹಚ್ಚುತ್ತೇನೆ. ಅದರ ಅರ್ಧ ಆ ವಸ್ತುವಿನ ಒಳಗೇ ಹೋಗುವುದರಿಂದ ನಿಜವಾದ ಟ್ರ್ಯಾಪ್ 0.2 ಮಿ.ಮೀ. ಎರಡು ಬಣ್ಣ ಒಂದೇ ಓಟದಲ್ಲಿ ಬೀಳುವ ಮೆಷಿನ್ನಾದರೆ ಇದರ ಅರ್ಧ ಸಾಕು.

ಕಪ್ಪು ಅಕ್ಷರಕ್ಕೆ ಟ್ರ್ಯಾಪ್ ಬೇಡ, ಓವರ್‌ಪ್ರಿಂಟ್ ಫಿಲ್ ಕೊಟ್ಟರಾಯಿತು. ಅದೇ ಅಕ್ಷರವನ್ನು ಆಮೇಲೆ ಬಿಳಿ ಮಾಡಿದರೆ ಓವರ್‌ಪ್ರಿಂಟ್ ತೆಗೆಯಲೇಬೇಕು. ಇಲ್ಲದಿದ್ದರೆ ಅಕ್ಷರ ಪ್ಲೇಟಿನಿಂದ ಮಾಯ. ಮಾನಿಟರಿನಲ್ಲಿ ಮಾತ್ರ ಚೆನ್ನಾಗಿಯೇ ಇರುತ್ತದೆ.

ಗೋಲ್ಡ್ ಬೇರೆಯೇ ಜಾತಿ. ಪ್ಯಾಂಟೋನ್ 871ರಿಂದ 876 ಗೋಲ್ಡ್-ಬ್ರಾಂಜ್ ಛಾಯೆಗಳು, 877 ಸಿಲ್ವರ್. ಟಿಂಟ್ ಮಾಡಿದರೆ ಹೊಳಪು ಹೋಗಿ ಮಣ್ಣಿನ ಬಣ್ಣ ಬರುತ್ತದೆ. ಹಾಗಾಗಿ 100% ಅಥವಾ ಇಲ್ಲವೇ ಇಲ್ಲ. ಆಫ್‌ಸೆಟ್ಟಿನಲ್ಲಿ ಪದರ ತೆಳು, ಕೆಂಪಿನ ಮೇಲೆ ನೇರ ಹೊಡೆದರೆ ಕೆಳಗಿನ ಬಣ್ಣ ಇಣುಕುತ್ತದೆ. ಕೆಂಪನ್ನು ಕೊರೆದು ಜಾಗ ಬಿಡಬೇಕು, ಅಂಚಿಗೆ ಟ್ರ್ಯಾಪ್ ಇಡಬೇಕು. ಕೋಟಿಂಗ್ ಇಲ್ಲದ ಕಾಗದ ಗೋಲ್ಡನ್ನು ಹೀರಿಕೊಳ್ಳುತ್ತದೆ. ಗಿರಾಕಿ ಹಟ ಹಿಡಿದರೆ ಹೊಳೆಯುವ ತೆಳು ಹಾಳೆ ಒತ್ತುವ ಫಾಯಿಲ್ ಮಾಡಿಸಿ ಅಂತ ಹೇಳುವುದು ಪ್ರಾಮಾಣಿಕತೆ.

ಪಿಡಿಎಫ್ ಮಾಡುವಾಗ ಬಣ್ಣವನ್ನು ಇದ್ದಂತೆಯೇ ಉಳಿಸುವ ನೇಟಿವ್‌ನಲ್ಲಿಟ್ಟು, ಸ್ಪಾಟ್ ಬಣ್ಣ ಬದಲಿಸುವ ಆಯ್ಕೆಯ ಟಿಕ್ ತೆಗೆಯಬೇಕು. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೆ ಚಾಚಿದ ಬಣ್ಣ) ಸುತ್ತಲೂ 3 ಮಿ.ಮೀ. ಬಳಿಕ ಅಕ್ರೊಬ್ಯಾಟ್ ಪ್ರೋ ಇದ್ದರೆ ಔಟ್‌ಪುಟ್ ಪ್ರಿವ್ಯೂದಲ್ಲಿ ಒಂದೊಂದೇ ಬಣ್ಣದ ಟಿಕ್ ತೆಗೆದು ನೋಡುತ್ತೇನೆ. ನಮ್ಮ ಎರಡೂ ಬಣ್ಣದ (ಒಂದು ಕಪ್ಪಾಗಿದ್ದರೆ ಅದೂ ಸೇರಿ) ಟಿಕ್ ತೆಗೆದ ಮೇಲೆ ಪುಟ ಪೂರ್ತಿ ಬಿಳಿಯಾಗಬೇಕು. ಏನಾದರೂ ಉಳಿದರೆ ಅದು ಸಿಎಂವೈಕೆ ಇಲ್ಲವೇ ಬೇಡದ ಹೆಸರಿನ ಬಣ್ಣದ ವಸ್ತು, ಹಿಂದಕ್ಕೆ ಹೋಗಿ ಸರಿಮಾಡಬೇಕು. ಕೊನೆಗೆ ಬಣ್ಣಕ್ಕೊಂದು ಹಾಳೆಯಂತೆ ಸಪರೇಷನ್ ಪ್ರಿಂಟನ್ನು ಲೇಸರ್ ಪ್ರಿಂಟರಿನಲ್ಲಿ ಕಪ್ಪಿನಲ್ಲೇ ತೆಗೆದು, ಎರಡು ಹಾಳೆ ಸೇರಿಸಿ ಕಿಟಕಿ ಗಾಜಿಗೆ ಹಿಡಿಯುತ್ತೇನೆ. ಟ್ರ್ಯಾಪ್ ಬಿಟ್ಟುಹೋದ ಕಡೆ ಬೆಳಕು ಇಣುಕುತ್ತದೆ.

ಪ್ಲೇಟಿಗೆ ಕಳಿಸುವಾಗ ಚೀಟಿಯಲ್ಲಿ ಪ್ಲೇಟುಗಳ ಸಂಖ್ಯೆ, ಬಣ್ಣದ ಹೆಸರು, ಯಾವುದು ಮೊದಲು ಓಡಬೇಕು, ಕೋನ, ಕಾಗದ ಇಷ್ಟು ಬರೆಯಿರಿ. ಇಂಕು ಕಣ್ಣಳತೆಯಲ್ಲಿ ಬೆರೆಸುವ ಪ್ರೆಸ್ಸಾದರೆ ನಂಬರ್ ಸಾಲದು, ಅದೇ ಕಾಗದದ ಮೇಲಿನ ಹಳೆಯ ಮುದ್ರಣದ ತುಂಡೊಂದನ್ನು ಪಿನ್ ಮಾಡಿ. ಮಂಡಿ ಬಿಲ್ಲಾದರೆ ಕ್ರಮಸಂಖ್ಯೆಯನ್ನು ಫೈಲಿನಲ್ಲಿ ಹಾಕಬೇಡಿ. ಅದು ನಂಬರಿಂಗ್ ಮೆಷಿನ್ನಿನ ಕೆಲಸ, ಆ ಜಾಗವನ್ನು ಎರಡೂ ಪ್ಲೇಟಿನಲ್ಲಿ ಖಾಲಿ ಬಿಡಿ.