ಬೆತ್ತ ಬಿಟ್ಟು ಎದುರುಬದುರು ಕೂರಿಸಿದ್ದು

ಕೇಸಾಗಿ ಬಂದ ಹುಡುಗರ ಜೊತೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಸೇರಿದ ದಿನ ನನ್ನ ಕೈಗೆ ಬಂದಿದ್ದು ಒಂದು ಬೀಗದ ಕೈ ಗೊಂಚಲು, ಒಂದು ಹಾಜರಿ ಪುಸ್ತಕ, ಒಂದು ಬೆತ್ತ. ಹೊಡೆಯಬಾರದು ಅಂತ ನಿಯಮ ಆಗಲೇ ಇತ್ತು. ಆದರೂ ಬೆತ್ತ ಯಾಕೆ ಅಂತ ನಾನು ಕೇಳಲಿಲ್ಲ.

"ಎರಡು ಬಿಟ್ಟರೆ ಒಂದು ತಿಂಗಳು ತಂಟೆ ಇರಲ್ಲ" ಅನ್ನುತ್ತಿದ್ದರು ಹಿರಿಯರೊಬ್ಬರು. ನಿಜವಾಗಿಯೂ ಇರುತ್ತಿರಲಿಲ್ಲ. ಆದರೆ ಬಿಡುಗಡೆಯಾಗಿ ಹೋದವನು ಮತ್ತೆ ಬರುತ್ತಿದ್ದ. ಹುಡುಗರು ಕಲಿತಿದ್ದು "ತಪ್ಪಾಯ್ತು ಸರ್" ಅನ್ನೋದನ್ನ. ಒಬ್ಬನಂತೂ ಯಾವ ವಿಷಯಕ್ಕೆ ಕರೆಸಿದ್ದೇನೆ ಅಂತ ನಾನು ಹೇಳೋ ಮೊದಲೇ ಕೈ ಕಟ್ಟಿ ತಪ್ಪಾಯ್ತು ಅಂದುಬಿಟ್ಟ. ಅವನನ್ನು ಕರೆಸಿದ್ದು ಅವರಮ್ಮ ಬಂದಿದ್ದಾರೆ ಅಂತ ಹೇಳೋಕೆ!

ಒಂದು ಕಾಲಕ್ಕೆ ಮಕ್ಕಳನ್ನೂ ದೊಡ್ಡವರ ಜೊತೆಗೇ ಜೈಲಿಗೆ ಹಾಕುತ್ತಿದ್ದರು. ಮಕ್ಕಳಿಗೇ ಅಂತ ಬೇರೆ ಕೋರ್ಟು ಶಿಕಾಗೊದಲ್ಲಿ ಶುರುವಾಗಿದ್ದು 1899ರಲ್ಲಿ. ಬ್ರಿಟನ್ನಿನ ಕೋರ್ಟುಗಳು ಛಡಿ ಏಟಿನ ಶಿಕ್ಷೆ ಕೈಬಿಡಲು 1948 ಆಗಬೇಕಾಯಿತು. ಮಗುವನ್ನು ಕೂಡಿಹಾಕುವುದು ಕೊನೆಯ ದಾರಿ, ಅದೂ ಆದಷ್ಟು ಕಡಿಮೆ ಸಮಯಕ್ಕೆ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಹೇಳಿತು. ಮಧ್ಯೆ ಅಮೆರಿಕದಲ್ಲಿ ಹುಡುಗರಿಗೆ ಜೈಲು ತೋರಿಸಿ, ಕೈದಿಗಳಿಂದಲೇ ಹೆದರಿಸುವ ಪ್ರಯೋಗವೂ ನಡೆಯಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಹಾಗೆ ಹೆದರಿಸಿಕೊಂಡವರೇ ಜಾಸ್ತಿ ತಪ್ಪು ಮಾಡಿದ್ದರು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಹೆದರಿಸೋದೇ ನನ್ನ ಕಸುಬಾಗಿತ್ತು, ಅಲ್ವಾ?

ದಾರಿ ತೋರಿಸಿದ್ದು ಕೆನಡಾದ ಎಲ್ಮಿರಾ ಊರಿನ ಕಥೆ. 1974ರಲ್ಲಿ ಅಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಹಾಳುಗೆಡವಿದ್ದರು. ಮಾರ್ಕ್ ಯಾಂಟ್ಜಿ ಅನ್ನೋ ಪ್ರೊಬೇಷನ್ ಅಧಿಕಾರಿ (ಜೈಲಿಗೆ ಹಾಕದೆ ಹೊರಗೆ ಬಿಟ್ಟವರ ಮೇಲೆ ಕಣ್ಣಿಡುವವರು), ಇವರು ನಷ್ಟವಾದವರನ್ನು ಹೋಗಿ ನೋಡಲಿ ಅಂದರು. ಜಡ್ಜ್ ಒಪ್ಪಿದರು. ಹುಡುಗರು ಮನೆಮನೆಗೆ ಹೋಗಿ ಮಾತಾಡಿದರು, ನಷ್ಟವನ್ನೂ ಕಟ್ಟಿಕೊಟ್ಟರು.

ನಾನು ಮೊದಲ ಸಲ ಮಾಡಿದಾಗ ಕೆಟ್ಟಿತು. ತಯಾರಿಯಿಲ್ಲದೆ ಸುಮ್ನೆ ತಪ್ಪು ಮಾಡಿದ ಹುಡುಗನನ್ನೂ ನಷ್ಟವಾದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಹುಡುಗ ಭಯಕ್ಕೆ ನಕ್ಕ. ಎದುರಿದ್ದವರು ಎದ್ದು ಹೋದರು. ಅವರ ಗಾಯದ ಮೇಲೆ ಉಪ್ಪು ಸುರಿದವನು ನಾನೇ.

ಎರಡನೇ ಸಲ ಅವಸರ ಮಾಡಲಿಲ್ಲ. ಹದಿನೈದರ ಹುಡುಗ ಒಬ್ಬ ಮೆಕ್ಯಾನಿಕ್‌ನ ಟೂಲ್ ಬಾಕ್ಸ್ ಕದ್ದು ಗುಜರಿಗೆ ಹಾಕಿದ್ದ. ಮೊದಲು ನಾನೊಬ್ಬನೇ ಮೆಕ್ಯಾನಿಕ್ ಹತ್ತಿರ ಎರಡು ಸಲ ಹೋದೆ. ಬೇಡ ಅಂದರೆ ಬೇಡ, ಕ್ಷಮಿಸಲೇಬೇಕು ಅಂತೇನಿಲ್ಲ ಅಂದೆ. ಹುಡುಗನ ಹತ್ತಿರ "ಯಾಕೆ ಮಾಡಿದೆ" ಅಂತ ಕೇಳೋದು ಬಿಟ್ಟೆ. ಅದಕ್ಕೆ ಸುಳ್ಳೇ ಉತ್ತರ ಬರೋದು. ಏನಾಯ್ತು, ಯಾರಿಗೆ ತೊಂದರೆ ಆಯ್ತು, ಸರಿಮಾಡೋಕೆ ನಿನ್ನ ಕೈಲಿ ಏನಾಗುತ್ತೆ ಅಂತ ಮಾತ್ರ ಕೇಳಿದೆ. ಮೂರನೆಯದಕ್ಕೆ ನಾಲ್ಕು ದಿನ ಅವನು ಬಾಯಿಬಿಡಲಿಲ್ಲ.

ಭೇಟಿಯ ದಿನ ಮೆಕ್ಯಾನಿಕ್ ಬೈಯಲಿಲ್ಲ. "ಪೆಟ್ಟಿಗೆ ಹೋದ್ರೆ ಹೋಗ್ಲಿ ಕಣೋ. ಅದ್ರಲ್ಲಿ ಒಂದು ಸ್ಪ್ಯಾನರ್ ಇತ್ತು. ಸಂದಿಗೆ ಹೋಗ್ಲಿ ಅಂತ ನಾನೇ ಕಾಯಿಸಿ ಬಗ್ಗಿಸಿದ್ದೆ. ಅದು ಅಂಗಡೀಲಿ ಸಿಗಲ್ಲ" ಅಂದ.

ಹುಡುಗ ತಲೆ ಎತ್ತಿದ. "ಆ ಸೊಟ್ಟಗಿದ್ದಿದ್ದಾ ಅಣ್ಣ?"

"ಹೂಂ, ಅದೇ."

"ಕೆಟ್ಟೋಗಿದೆ ಅಂದ್ಕೊಂಡೆ."

ಆ ಹೊತ್ತು ಅವನು "ತಪ್ಪಾಯ್ತು" ಅನ್ನಲೇ ಇಲ್ಲ, ನಾನೂ ಹೇಳಿಸಲಿಲ್ಲ. ನಾಲ್ಕು ಭಾನುವಾರ ಬೆಳಿಗ್ಗೆ ಬಂದು ಟೂಲ್ಸ್ ಒರೆಸಿ ಜೋಡಿಸಿಡ್ತೀನಿ ಅಂತ ತಾನಾಗೇ ಒಪ್ಪಿಕೊಂಡ. ಮೂರು ವಾರ ಹೋದ.

ನಾಲ್ಕನೇ ಭಾನುವಾರ ಮೆಕ್ಯಾನಿಕ್ ಫೋನ್ ಮಾಡಿದ. ದೂರು ಬಂತು ಅಂದುಕೊಂಡೇ ಎತ್ತಿದೆ.

"ಸರ್, ಹುಡುಗ ಬಂದಿಲ್ಲ. ಹುಷಾರಿದ್ದಾನೆ ತಾನೆ?"