ಮೀನಿನ ತೊಟ್ಟಿ ತುಂಬ ಬಸವನಹುಳುವೇ? ಮೊದಲು ಕಾಳಿನ ಡಬ್ಬಿ ಮುಚ್ಚಿ

ಮೀನಿನ ತೊಟ್ಟಿಗೆ ಹೊಸ ಗಿಡ ತಂದು ಮೂರು ವಾರ ಆಗಿರುತ್ತದೆ. ಒಂದು ಬೆಳಿಗ್ಗೆ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಯೊಂದು ಮೆಲ್ಲಗೆ ಹರಿದಾಡುತ್ತಿರುತ್ತದೆ. ಒಂದೇ ತಾನೆ ಅಂತ ಬಿಡುತ್ತೀರಿ. ಮುಂದಿನ ತಿಂಗಳು ಎಣಿಸಲು ಬೆರಳು ಸಾಲುವುದಿಲ್ಲ. ನಮ್ಮ ಮನೆಯ ಎರಡಡಿ ತೊಟ್ಟಿಯಲ್ಲೂ ಆಗಿದ್ದು ಇದೇ. ಅಂಗಡಿಯಲ್ಲಿ ಕೊಂಡ ಗಿಡದ ಎಲೆ ಮಗುಚಿ ನೋಡಿರಲಿಲ್ಲ, ಅಷ್ಟೇ ತಪ್ಪು.

ಮೊದಲು ಬಂದಿರುವುದು ಯಾವುದು ನೋಡಿ. ಚಕ್ಕುಲಿಯಂತೆ ಚಪ್ಪಟೆ ಸುತ್ತಿಕೊಂಡದ್ದು ರಾಮ್ಸ್‌ಹಾರ್ನ್. ತೆಳು ಚಿಪ್ಪಿನ, ಆ ಚಿಪ್ಪಿನ ಬಾಯಿ ಎಡಕ್ಕಿರುವ ಪುಟ್ಟದು ಬ್ಲ್ಯಾಡರ್. ಇವೆರಡೂ ಎಲೆಯ ಅಡಿ, ಗಾಜಿನ ಮೂಲೆಯಲ್ಲಿ ಲೋಳೆ ಲೋಳೆಯಾಗಿ ಮೊಟ್ಟೆ ಅಂಟಿಸುತ್ತವೆ. ಬ್ಲ್ಯಾಡರ್‌ಗೆ ಜೋಡಿಯೂ ಬೇಕಿಲ್ಲ, ಒಂಟಿಯಾಗಿಯೇ ಸಂಸಾರ ಬೆಳೆಸುತ್ತದೆ. ಉದ್ದ ಶಂಕುವಿನಂಥದ್ದು ಮಲೇಷಿಯನ್ ಟ್ರಂಪೆಟ್. ಅದು ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಹಗಲೆಲ್ಲ ಮರಳಿನಲ್ಲಿ ಹುದುಗಿರುತ್ತದೆ. ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿದರೆ ನಿಜವಾದ ಲೆಕ್ಕ ಸಿಗುತ್ತದೆ. ಎದೆ ಗಟ್ಟಿ ಮಾಡಿಕೊಂಡು ನೋಡಿ!

ಹಾಗಂತ ಇವು ಗಿಡದ ಶತ್ರುಗಳಲ್ಲ. ಹೆಚ್ಚಾಗಿ ತಿನ್ನುವುದು ಪಾಚಿ, ಕೊಳೆತ ಎಲೆ, ಮೀನು ಬಿಟ್ಟ ಕಾಳು. ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಶಿಯಂ ಕೊರತೆಯೂ ಕಾರಣ ಇರಬಹುದು. ಬಸವನಹುಳು ಆ ಸತ್ತ ಅಂಚನ್ನು ಮೇಯಲು ಬಂದಿರುತ್ತದೆ. ನಾಲ್ಕೈದು ಇದ್ದರೆ ನಾನಂತೂ ಸುಮ್ನೆ ಬಿಡುತ್ತೇನೆ.

ಜಾಸ್ತಿ ಆದವು ಅಂದರೆ ಊಟ ಜಾಸ್ತಿ ಆಗಿದೆ ಅಂತಲೇ ಅರ್ಥ. ಹಾಗಾಗಿ ಮೊದಲ ಕೆಲಸ ಕೈ ಬಿಗಿ ಮಾಡುವುದು. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಕಾಳು ಹಾಕಿ. ಬೆಳೆದ, ಆರೋಗ್ಯವಾಗಿರುವ ಮೀನಾದರೆ ವಾರಕ್ಕೊಂದು ದಿನ ಉಪವಾಸ ಇರಲಿ, ಏನೂ ಆಗುವುದಿಲ್ಲ. ಮನೆಯಲ್ಲಿ ಕಾಳು ಹಾಕುವವರು ಒಬ್ಬರೇ ಇರಬೇಕು. ನಮ್ಮಲ್ಲಿ ಮೂವರು ಹಾಕುತ್ತಿದ್ದೆವು, ಒಬ್ಬರಿಗೊಬ್ಬರು ಹೇಳದೆ! ಹಳದಿ ಎಲೆ ಕತ್ತರಿಸಿ ತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಸೈಫನ್ ಪೈಪಿನಿಂದ ಮರಳಿನ ಮೇಲಿನ ಕಸ ಎಳೆಯಿರಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ.

ಜೊತೆಗೆ ಹಿಡಿಯುವ ಕೆಲಸ. ಚೆನ್ನಾಗಿ ತೊಳೆದ ಸೌತೆಕಾಯಿ ಹೋಳನ್ನೋ ಎಲೆಕೋಸಿನ ಎಲೆಯನ್ನೋ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಆರಿಸಿ. ಸ್ಟೀಲ್ ಫೋರ್ಕಿಗೆ ಸಿಕ್ಕಿಸಿ ರಾತ್ರಿ ತಳಕ್ಕೆ ಬಿಡಿ. ಬೆಳಿಗ್ಗೆ ಏಳುತ್ತಲೇ ಮುತ್ತಿಕೊಂಡ ಹುಳುಗಳ ಸಮೇತ ಎತ್ತಿ. ತಡ ಮಾಡಿದರೆ ಹೋಳು ಕೊಳೆತು ಅವಕ್ಕೇ ಹಬ್ಬ. ಗಾಜಿನ ಮೇಲಿನ ಮೊಟ್ಟೆ ಲೋಳೆಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ತೆಗೆಯಿರಿ. ಎರಡು ತಿಂಗಳು ಬಿಡದೆ ಮಾಡಬೇಕು. ಬೇಸರದ ಕೆಲಸ, ನಿಜ.

ಬೇಸರಕ್ಕೆ ಔಷಧಿ ಸುರಿಯಬೇಡಿ. ಬಸವನಹುಳು ಕೊಲ್ಲುವ ಔಷಧಿಗಳಲ್ಲಿ ಎಷ್ಟೋ ತಾಮ್ರದವು. ಸೀಗಡಿ ಇದ್ದರೆ ಅವೂ ಸಾಯುತ್ತವೆ. ಇನ್ನೂ ದೊಡ್ಡ ಅಪಾಯ ಬೇರೆ: ನೂರಾರು ಹುಳು ಒಟ್ಟಿಗೆ ಸತ್ತು ಕೊಳೆತರೆ ಸಣ್ಣ ತೊಟ್ಟಿಯಲ್ಲಿ ಅಮೋನಿಯಾ ಏರಿ ಮೀನುಗಳೂ ಉಳಿಯುವುದಿಲ್ಲ.

ಹುಳು ತಿನ್ನುವ ಮೀನು ತರೋಣ ಅಲ್ವಾ ಅಂತೀರಿ. ಕ್ಲೌನ್ ಲೋಚ್ ಅಡಿಯುದ್ದ ಬೆಳೆಯುವ ಮೀನು, ಸಣ್ಣ ತೊಟ್ಟಿಗಲ್ಲ. ನಮ್ಮ ಪಶ್ಚಿಮ ಘಟ್ಟದ್ದೇ ಆದ ಪೀ ಪಫರ್ ಇಂಚಿನಷ್ಟೇ ಇದ್ದರೂ ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ. ಹಳದಿ ಕಂದು ಪಟ್ಟೆಯ ಅಸಾಸಿನ್ ಬಸವನಹುಳು ಎರಡು ಮೂರು ಬಿಡಬಹುದು. ಅದು ಬೇರೆ ಬಸವನಹುಳುವನ್ನೇ ತಿನ್ನುತ್ತದೆ, ನಿಧಾನಕ್ಕೆ.

ಮುಂದೆ ಗಿಡ ತಂದಾಗ ಲೀಟರ್ ನೀರಿಗೆ 2 ಟೀ ಚಮಚ ಪಟಿಕದ ಪುಡಿ ಕರಗಿಸಿ ಎರಡು ಮೂರು ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಮೊಟ್ಟೆ ಇಷ್ಟಕ್ಕೆ ಸಾಯದೆ ಉಳಿಯಬಹುದು. ಅದಕ್ಕೇ ಬೆಳಕಿರುವ ಕಡೆ ಬೇರೆ ಬಕೆಟ್ಟಿನಲ್ಲಿ ಮೂರು ವಾರ ಇಟ್ಟು, ಆಗಾಗ ಎಲೆ ಮಗುಚಿ ನೋಡಿ.

ಹಿಡಿದವನ್ನು ಕೆರೆಗೋ ಚರಂಡಿಗೋ ಬಿಡಬೇಡಿ. ಹೊರಗಿನ ಜಾತಿ ಅಲ್ಲೂ ಬೇರೂರುತ್ತದೆ. ನಾನು ಚಿಪ್ಪು ಜಜ್ಜಿ ನಮ್ಮ ಗೌರಾಮಿ ಮೀನುಗಳಿಗೆ ಹಾಕುತ್ತೇನೆ. ಆ ದಿನ ಕಾಳು ಇಲ್ಲ.