ಹೋಳಿ ಹುಣ್ಣಿಮೆಗೆ ನುಚ್ಚು ಬೇಯಿಸಿದ್ದು

"ಹಬ್ಬದಾಗ ನುಚ್ಚು ಯಾರ ಮಾಡ್ತಾರವಾ? ಮನ್ಯಾಗ ಯಾರರ ಜಡ್ಡಾಗ್ಯಾರೇನು?" ಅಂತ ಕೇಳಿದವರು ನಮ್ಮ ಅತ್ತೆ. ಹೋಳಿಯ ದಿನ ಆಸ್ಪತ್ರೆಗಳಲ್ಲಿ ಪೇಷಂಟ್ ಜೊತೆ ಇರುವವರಿಗೆ ಜೋಳದ ನುಚ್ಚು, ಅಂದರೆ ಒಡೆದ ಜೋಳ ಬೇಯಿಸಿ ಒಯ್ಯುತ್ತೇನೆ ಅಂದಾಗಿನ ಮಾತು. ಓಣಿಯ ಹೆಂಗಸರು ಬಾಯಿಬಿಟ್ಟು ಕೇಳಲಿಲ್ಲ, ಸೆರಗು ಮುಚ್ಚಿಕೊಂಡು ನಕ್ಕರು. ಈಗ ಅದೇ ಓಣಿಯವರು ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬಂದು "ಈ ಸಲ ಎಷ್ಟು ಜ್ವಾಳ ಒಡಸಬೇಕ್ರಿ?" ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬಾಗಲಕೋಟೆಯ ಹೋಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಲಗೆ ಸದ್ದಿಗೆ ಕಿವಿ ಕಿವುಡಾಗುತ್ತೆ. ಕಿಲ್ಲಾ, ಹೊಸಪೇಟೆ, ವೆಂಕಟಪೇಟೆ ಅಂತ ಒಂದೊಂದು ಪೇಟೆಯವರೂ ಬಣ್ಣದ ಬಂಡಿ ಹೂಡಿಕೊಂಡು ಹೊರಡುತ್ತಾರೆ. ಬಣ್ಣ ಮುಗಿಯುವ ತನಕ ಅಂಗಡಿಗಳ ಬಾಗಿಲು ಹಾಕಿರುತ್ತೆ. ನಮ್ಮ ಪುಟ್ಟ ಖಾನಾವಳಿಯೂ ಬಂದ್. ಆಗ ನವನಗರದ ಆಸ್ಪತ್ರೆಗಳಲ್ಲಿ ಪೇಷಂಟ್ ಜೊತೆ ಇರುವವರು ಏನು ಉಣ್ಣುತ್ತಾರೆ ಅಂತ ನನಗೂ ಹೊಳೆದಿರಲಿಲ್ಲ. ಒಂದು ವರ್ಷ ನನ್ನ ತಮ್ಮನಿಗೆ ಆಪರೇಷನ್ ಆಯ್ತು. ಬಣ್ಣದ ದಿನ ಖಾಲಿ ಡಬ್ಬಿ ಹಿಡಿದು ಮೂರು ರಸ್ತೆ ಸುತ್ತಿದೆ. ಸಿಕ್ಕಿದ್ದು ಎರಡು ಪುಡಿಕೆ ಬಿಸ್ಕತ್ತು. ಊರಿಗೆಲ್ಲ ಊಟ ಹಾಕುವವಳು ನಾನು!

ಪೇಷಂಟ್ ಜೊತೆಗಿನವರಿಗೆ ಊಟ ಒಯ್ಯುವ ಮೊದಲ ಪ್ರಯತ್ನ 2022ರಲ್ಲಿ. ಹಬ್ಬ ಅಂದ ಮೇಲೆ ಹೋಳಿಗೆನೇ ಅಲ್ವಾ? ಆರು ಕಿಲೋ ಕಡಲೆಬೇಳೆ, ಅಷ್ಟೇ ಬೆಲ್ಲ. ಕೂಲಿಗೆ ಇಬ್ಬರು ಹೆಂಗಸರು. ನೂರೈವತ್ತರ ಮೇಲೆ ಹೋಳಿಗೆ ಆದವು. ಎಣ್ಣೆ, ಆಟೋ, ಪೇಪರ್ ತಾಟು ಎಲ್ಲ ಸೇರಿ ಮೂರೂವರೆ ಸಾವಿರ ಹೋಯ್ತು. ಮಾರ್ಚ್ ಬಿಸಿಲು. ಹಿಂದಿನ ರಾತ್ರಿ ರುಬ್ಬಿಟ್ಟ ಹೂರಣ ಬೆಳಗ್ಗೆಯೇ ಸಣ್ಣಗೆ ವಾಸನೆ ಬರುತ್ತಿತ್ತು. ಏಲಕ್ಕಿ ಜಾಸ್ತಿ ಹಾಕಿ ಮುಚ್ಚಿದೆ. ಅದು ನನ್ನ ತಪ್ಪೇ. ಬಿಸಿ ಹೋಳಿಗೆ ಸ್ಟೀಲ್ ಡಬ್ಬಿಗೆ ತುಂಬಿದ್ದಕ್ಕೆ ಬೆವತು ಒಂದಕ್ಕೊಂದು ಅಂಟಿದವು. ಕಟ್ಟಿನ ಸಾರು ಆಟೋದಲ್ಲೇ ಅರ್ಧ ಚೆಲ್ಲಿತು. ಡ್ರೈವರ್ ಸೀಟು ತೊಳೆದ ದುಡ್ಡೂ ಇಸಿದುಕೊಂಡ. ಆಸ್ಪತ್ರೆಯ ಗೇಟಿನ ಒಳಗೆ ಬಿಡಲಿಲ್ಲ. ಒಬ್ಬಾಕೆ ಹೋಳಿಗೆಯನ್ನು ಸಕ್ಕರೆ ಕಾಯಿಲೆಯ ಗಂಡನಿಗೆ ತಿನ್ನಿಸಲು ಹೋಗಿ ನರ್ಸ್ ಕೈಯಲ್ಲಿ ಸಿಕ್ಕಿಬಿದ್ದಳು. ನರ್ಸ್ ಹೊರಗೆ ಬಂದು ನನಗೂ ಸರಿಯಾಗಿ ಬೈದರು. ಬೈದದ್ದು ನ್ಯಾಯವಾಗಿತ್ತು.

2023ರಲ್ಲಿ ಪಲಾವ್ ಮಾಡಿದೆ. ಸುಲಭ, ಒಂದೇ ಪಾತ್ರೆ, ಸಾರು ಚೆಲ್ಲುವ ಭಯ ಇಲ್ಲ. ಆದರೆ ಅದು ಇಲೆಕ್ಷನ್ ವರ್ಷ, ಮೇ ತಿಂಗಳಲ್ಲಿ ಓಟು. ದಬರಿ ಇಳಿಸಿ ನಿಂತರೆ ಯಾರೂ ಹತ್ತಿರ ಬರಲೊಲ್ಲರು. ಕಡೆಗೆ ಒಬ್ಬ ಹುಡುಗ ಬಂದು, "ಅಕ್ಕಾರ, ಯಾ ಪಾರ್ಟಿಯವರ್ರೀ?" ಅಂದ. ಬಂದವರೂ ಎರಡು ತುತ್ತು ತಿಂದು "ರೊಟ್ಟಿ ಇಲ್ಲೇನ್ರಿ?" ಅಂತ ಕೇಳಿದರು. ಕಾಲು ದಬರಿ ಉಳಿಯಿತು, ದನಕ್ಕೆ ಹಾಕಿದೆವು. ವಿಶ್ವಸಂಸ್ಥೆ ಆ ವರ್ಷವನ್ನೇ ಸಿರಿಧಾನ್ಯ ವರ್ಷ ಅಂತ ಸಾರಿತ್ತು. ಜೋಳದ ನಾಡಿನಲ್ಲಿ ಕೂತು ನಾನು ಸೋನಾ ಮಸೂರಿ ಬೇಯಿಸುತ್ತಿದ್ದೆ.

ಆವತ್ತೇ ಹುನಗುಂದ ಕಡೆಯ ಒಬ್ಬ ಅಜ್ಜ ಪಲಾವ್ ತಾಟು ಕೆಳಗಿಟ್ಟು, "ಯವ್ವಾ, ಒಂದೀಟು ನುಚ್ಚು-ಮಜ್ಜಿಗಿ ಸಿಕ್ಕಿದ್ರ ಹೊಟ್ಟಿ ತಣ್ಣಗಾಗ್ತಿತ್ತು ನೋಡು" ಅಂದ. ಮೂರು ದಿನದಿಂದ ಚಹಾದ ಮೇಲೇ ಇದ್ದನಂತೆ.

2024ಕ್ಕೆ ನುಚ್ಚು ಅಂತ ನಿರ್ಧಾರ ಮಾಡಿದೆ. ಜಗಳ ಶುರುವಾಯ್ತು. ನಮ್ಮ ಮನೆಯಲ್ಲಿ ಕಾಮನ ಬೆಂಕಿಯ ಕೆಂಡ ತಂದು ಒಲೆ ಹೊತ್ತಿಸುತ್ತೇವೆ. ಆ ಒಲೆಯ ಮೇಲೆ ಮೊದಲು ಬೇಯುವುದು ಹೋಳಿಗೆ. ಅತ್ತೆಯವರ ಅತ್ತೆ ಕಾಲದಿಂದಲೂ ಅದೇ. ಅಷ್ಟು ಕೈ ನಮ್ಮಲ್ಲಿ ಇಲ್ಲ, ಎರಡೂ ಮಾಡಲು ಆಗಲ್ಲ, ಮನೆಯವರೂ ನುಚ್ಚೇ ಉಣ್ಣಬೇಕು ಅಂದೆ. ಅತ್ತೆ ಎರಡು ದಿನ ಮಾತು ಬಿಟ್ಟರು. ನಮ್ಮ ಮನೆಯವರು ಸುಮ್ನೆ ಹಲಗೆ ಬಿಗಿ ಮಾಡಿಕೊಳ್ಳುತ್ತ ಕೂತರು.

ಜೋಳಕ್ಕೆ ನೀರು ಚಿಮುಕಿಸಿ ಕುಟ್ಟಿ, ಹೊಟ್ಟು ಕೇರಿ, ಗಿರಣಿಗೆ ಕಳಿಸಿದೆ. ಗಿರಣಿಯವನು ಕಲ್ಲು ಬಿಗಿ ಇಟ್ಟು ಅರ್ಧ ಹಿಟ್ಟೇ ಮಾಡಿಕೊಟ್ಟ. ಎರಡು ಕಿಲೋ ಅಂಬಲಿ ಆಯ್ತು. ಈಗ ನಾನೇ ಹೋಗಿ ನಿಂತು ಕಲ್ಲು ಸಡಿಲ ಮಾಡಿಸುತ್ತೇನೆ, ಮನೆಗೆ ತಂದು ಜರಡಿ ಹಿಡಿಯುತ್ತೇನೆ. ಹೊಸ ಜೋಳ ಬೇಡ, ಹಳೇ ಮಾಲದಂಡಿ ತಳಿಯ ಜೋಳವೇ ಬೇಕು. ನಡುವೆ ಸಜ್ಜೆ ನುಚ್ಚೂ ಮಾಡಿ ನೋಡಿದೆ. ಬಣ್ಣ ನೋಡಿಯೇ ಮಂದಿ ಹಿಂದೆ ಸರಿದರು. ಒಡೆದಿಟ್ಟ ಸಜ್ಜೆ ಬೇಗ ಕಮಟು ವಾಸನೆ ಬರುತ್ತೆ, ಅದೂ ಒಂದು ತಲೆನೋವು. ನವಣೆ ಚೆನ್ನಾಗಿಯೇ ಆಯ್ತು, ಆದರೆ ರೇಟು ನೋಡಿ ಕೈಬಿಟ್ಟೆ. ಖಾನಾವಳಿಯಲ್ಲಿ ಈಗ ವಾರಕ್ಕೊಮ್ಮೆ ಮಾಡುತ್ತೇನೆ, ನೌಕರಿಯವರು ಕೇಳಿ ಉಣ್ಣುತ್ತಾರೆ. ಅದು ಬೇರೆ ಕಥೆ.

ದೊಡ್ಡ ತೊಂದರೆ ಅಂದರೆ ನುಚ್ಚು ಆರಿದರೆ ಇಟ್ಟಿಗೆ. ಮನೆಯಲ್ಲಿ ಒಂದಕ್ಕೆ ಐದು ನೀರು ಸಾಕು. ಸಾಗಿಸಬೇಕಾದರೆ ಏಳು ಬೇಕು. ಅಷ್ಟಾದರೂ ಹನ್ನೊಂದು ಗಂಟೆಗೆ ಗಟ್ಟಿಯಾಗಿ ಸೌಟು ನಿಲ್ಲುತ್ತಿತ್ತು. ಈಗ ಮಧ್ಯಾಹ್ನ ಎರಡಾದರೂ ಸಡಿಲವೇ ಇರುತ್ತೆ. ಇಳಿಸುವ ಮುಂಚೆ ಏನು ಹಾಕುತ್ತೇನೆ ಅಂತ ಮಾತ್ರ ಕೇಳಬೇಡಿ, ನನಗೂ ಖಾನಾವಳಿ ನಡೆಸಬೇಕಲ್ಲ. ಸೋಡಾ ಅಲ್ಲ, ಅಷ್ಟು ಹೇಳಬಲ್ಲೆ. ಮಜ್ಜಿಗೆ ಬೇರೆ ಕ್ಯಾನಿನಲ್ಲೇ ಒಯ್ಯಿರಿ, ಬಡಿಸುವಾಗ ಕಲಸಿ. ಮೊದಲೇ ಕಲಸಿದರೆ ಹುಳಿ ಬರುತ್ತೆ.

ಪೇಪರ್ ತಾಟು ಬಿಟ್ಟುಬಿಟ್ಟೆ. ಪೇಷಂಟ್ ಜೊತೆ ಬಂದವರ ಹತ್ತಿರ ಗಂಗಾಳ, ಚರಿಗೆ ಇದ್ದೇ ಇರುತ್ತೆ. ಇನ್ನೊಂದು ಮಾತು, ಇದು ತಿಳಿಯಲು ನನಗೆ ಎರಡು ವರ್ಷ ಬೇಕಾಯ್ತು. ಕರೆದರೆ ಮಂದಿ ಬರಲ್ಲ. ಕೈ ಚಾಚಿ ನಿಲ್ಲಲು ಯಾರಿಗೂ ಮನಸ್ಸಿರಲ್ಲ. ಅದಕ್ಕೆ ಬೇವಿನ ಮರದ ಕೆಳಗೆ ದಬರಿ ಇಳಿಸಿ, ಉಳ್ಳಾಗಡ್ಡಿ ಬುಟ್ಟಿ ಮುಂದಿಟ್ಟು, ಹತ್ತಿರ ಕೂತವರಿಗೆ "ಒಂದೀಟು ಹೆಚ್ಚಿ ಕೊಡ್ರಿ ಅಕ್ಕಾರ, ನನಗ ಕೈ ಸಾಲವಲ್ದು" ಅಂದೆ. ಬೀಳಗಿ ಕಡೆಯ ಹೆಣ್ಣುಮಗಳೊಬ್ಬಳು ಚಾಕು ಇಸಿದುಕೊಂಡಳು. ಆಕೆಯ ಹಿಂದೆ ನಾಲ್ಕು ಮಂದಿ ಬಂದರು. ಹೆಚ್ಚಿದವರೇ ಬಡಿಸಿದರು, ಬಡಿಸಿದವರೇ ಆಮೇಲೆ ಉಂಡರು. ನಾನು ಸುಮ್ನೆ ಮಜ್ಜಿಗೆ ಹಾಕುತ್ತ ಕೂತಿದ್ದೆ. ಪೇಷಂಟಿಗೆ ಒಯ್ಯುವವರಿಗೆ ಮೊದಲು ನರ್ಸ್‌ನ ಕೇಳಿ ಬನ್ನಿ ಅಂತ ಈಗಲೂ ಹೇಳುತ್ತೇನೆ. ಬೈದಿದ್ದ ನರ್ಸ್ ಕಳೆದ ಸಲ ತಾವೇ ಡಬ್ಬಿ ತಂದರು.

ಲೆಕ್ಕ ಅಂದಾಜು ಹೇಳುತ್ತೇನೆ. 2025ರಲ್ಲಿ ಎಂಟು ಕಿಲೋ ನುಚ್ಚು, ಹತ್ತು ಲೀಟರ್ ಹಾಲಿನ ಮೊಸರು, ಎರಡು ಕಿಲೋ ಶೇಂಗಾ ಚಟ್ನಿ, ಉಪ್ಪಿನಕಾಯಿ. ಆಟೋ ಸೇರಿ ಒಂದೂವರೆ ಸಾವಿರ ದಾಟಲಿಲ್ಲ. ನೂರಾ ಹತ್ತು ಮಂದಿ ಉಂಡಿರಬಹುದು. ಹೋಳಿಗೆಯ ಖರ್ಚಿನ ಅರ್ಧ ಕೂಡ ಅಲ್ಲ. ದಬರಿ ಕೆರೆದು ತಂದೆವು.

ಅತ್ತೆಯವರ ಜೊತೆ ಈಗ ಒಪ್ಪಂದ ಆಗಿದೆ. ಕಾಮನ ಬೆಂಕಿ ಬಂದ ಕೂಡಲೇ ಐದೇ ಐದು ಹೋಳಿಗೆ, ನೈವೇದ್ಯಕ್ಕೆ. "ಆಮ್ಯಾಲ ನಿನ್ನ ನುಚ್ಚು ಏರಸು." ತಿರುವಲು ಮಾತ್ರ ಅವರೇ ಬೇಕು, ಗಂಟು ಕಟ್ಟದ ಹಾಗೆ ಹುಟ್ಟು ಆಡಿಸುವ ಕೈ ಇನ್ನೊಂದಿಲ್ಲ. ಮುಂದಿನ ಸಲ ಬಸ್ ಸ್ಟ್ಯಾಂಡಿನ ಡ್ರೈವರ್, ಕಂಡಕ್ಟರ್‌ಗೂ ಕೊಡೋಣ ಅಂತ ಮನೆಯವರು ಹುರುಪು ತೋರಿಸುತ್ತಿದ್ದಾರೆ. ಹೋಳಿ ಮುಗಿದ ಮೇಲೆ ದಬರಿ ತಿಕ್ಕುವವರು ಯಾರು ಅಂತ ಮೊದಲು ತೀರ್ಮಾನ ಆಗಲಿ ಅಂದಿದ್ದೇನೆ.